ಗೇರು ಹಣ್ಣಿನ ಒಗರು ಬಿಡಿಸಿ ವಿಟಮಿನ್ ಸಿ ಉಳಿಸಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಏಪ್ರಿಲ್ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಬ್ಯಾಣಗಳಲ್ಲಿ (ಮನೆ, ತೋಟಗಳ ಸುತ್ತಲಿನ ಹುಲ್ಲುಗಾವಲು) ಗೇರು ಮರದ ಬುಡ ಹುಳಿ ವಾಸನೆ ಹೊಡೆಯುತ್ತದೆ. ಬೀಜ ತಿರುಚಿಕೊಂಡು ಹಣ್ಣನ್ನು ಅಲ್ಲೇ ಎಸೆದು ಬರುವುದು ನಮ್ಮ ರೂಢಿ. ಒಂದು ಕೆಜಿ ಬೀಜ ಮನೆಗೆ ಬಂದರೆ ಐದರಿಂದ ಹತ್ತು ಕೆಜಿ ಹಣ್ಣು ಮರದ ಕೆಳಗೆ ಕೊಳೆಯುತ್ತದೆ. ಇತ್ತೀಚೆಗೆ ಇದನ್ನು ಬಳಸಲು ಹೊರಟವರು ಹೆಚ್ಚಾಗಿದ್ದಾರೆ. ಸೋತು ಕೈಬಿಟ್ಟವರೂ ಅಷ್ಟೇ ಇದ್ದಾರೆ. ನನ್ನ ಕಿವಿಗೆ ಬೀಳುವ ದೂರುಗಳು ನಾಲ್ಕೇ: ರಸ ಗಂಟಲು ಹಿಡಿಯಿತು, ಕಪ್ಪಾಯಿತು, ತಿಳಿಯಾಗಲೇ ಇಲ್ಲ, ಎರಡನೆಯ ದಿನಕ್ಕೆ ನೊರೆಯೆದ್ದಿತು.

ನಾಲ್ಕರಲ್ಲೂ ಹಣ್ಣಿನ ದೋಷವಿಲ್ಲ, ಕೆಲಸದ ಕ್ರಮ ತಪ್ಪಿದೆ. ಒಗರು ತೆಗೆಯುವ ಮೊದಲೇ ಕುದಿಸಿದವರು, ಕಬ್ಬಿಣಕ್ಕೆ ತಾಗಿಸಿದವರು, ನಿನ್ನೆ ಬಿದ್ದ ಹಣ್ಣನ್ನು ಇಂದು ಹಿಂಡಿದವರು ಮತ್ತೆ ಮತ್ತೆ ಇಲ್ಲಿಯೇ ಎಡವುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದ ಅನುಕ್ರಮದಲ್ಲಿಯೇ ಮಾಡಿ. ಒಂದನ್ನು ಹಿಂದೆ ಮುಂದೆ ಮಾಡಿದರೂ ಫಲ ಬೇರೆಯಾಗುತ್ತದೆ.

## ನಾವು ತೆಗೆಯಲು ಹೊರಟಿರುವುದು ಏನನ್ನು

ಗೇರು ಹಣ್ಣಿನ 100 ಗ್ರಾಂನಲ್ಲಿ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಕಿತ್ತಳೆಗೆ ಹೋಲಿಸಿದರೆ ಇದು ನಾಲ್ಕು ಪಟ್ಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ಬೇಕು. ಅಂದರೆ ಸರಿಯಾಗಿ ತೆಗೆದ ರಸ ಅರ್ಧ ಲೋಟವಿದ್ದರೆ ದಿನದ ಅಗತ್ಯ ಮುಗಿಯಿತು.

ಇದರ ಜೊತೆಗೆ ಒಗರಿಗೆ ಕಾರಣವಾದ ಟ್ಯಾನಿನ್ ಮತ್ತು ಅದರ ಬಳಗದ ಪಾಲಿಫಿನಾಲ್‌ಗಳಿವೆ, ಹಳದಿ-ಕೆಂಪು ಬಣ್ಣ ಕೊಡುವ ಕೆರೋಟಿನಾಯ್ಡ್‌ಗಳಿವೆ, ನಾರಿದೆ. ಇವೆಲ್ಲವನ್ನೂ ಒಂದೇ ಬಾಟಲಿಯಲ್ಲಿ ತುಂಬಲಾಗದು. ವಿಟಮಿನ್ ಸಿ ನೀರಿನಲ್ಲಿ ಕರಗುತ್ತದೆ, ರಸದೊಡನೆ ಹೊರಬರುತ್ತದೆ. ಗಾಳಿ, ಬಿಸಿ, ಬೆಳಕು, ತಾಮ್ರ ಇವು ಅದರ ವೈರಿಗಳು. ನಾರು, ಕೆರೋಟಿನಾಯ್ಡ್ ಮತ್ತು ಪಾಲಿಫಿನಾಲಿನ ಒಂದು ಪಾಲು ಹಿಂಡಿದ ಮೇಲೆ ಉಳಿಯುವ ಹಿಪ್ಪೆಯಲ್ಲಿ ನಿಲ್ಲುತ್ತದೆ. ಹಾಗಾಗಿ ಇಲ್ಲಿ ದಾರಿ ಎರಡು: ತಣ್ಣಗೆ, ಬೇಗ ಮಾಡುವ ರಸ, ಒಣಗಿಸಿ ಮಾಡುವ ಹಿಪ್ಪೆಯ ಪುಡಿ. ರಸದ ಒಗರು ತೆಗೆದಾಗ ಪಾಲಿಫಿನಾಲಿನ ದೊಡ್ಡ ಪಾಲು ಕಳೆದುಹೋಗುತ್ತದೆ ಎಂಬುದನ್ನು ಮುಚ್ಚಿಡುವಂತಿಲ್ಲ. ಹಿಪ್ಪೆಯನ್ನು ಎಸೆಯಬೇಡಿ ಎಂದು ನಾನು ಹಟ ಹಿಡಿಯುವುದು ಅದಕ್ಕಾಗಿಯೇ.

## ಕೈ ಹಾಕಬಾರದ ಮೂರು ಪದಾರ್ಥಗಳು

ಗೇರು ಬೀಜದ ಹೊರಚಿಪ್ಪಿನ ಎಣ್ಣೆಯಲ್ಲಿ ಅನಾಕಾರ್ಡಿಕ್ ಆಮ್ಲವಿದೆ. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಸುಟ್ಟಾಗ ಬರುವ ಹೊಗೆಯೂ ಕಣ್ಣು, ಗಂಟಲುಗಳಿಗೆ ಕೆಟ್ಟದ್ದು. ಅದರಿಂದ ಏನನ್ನಾದರೂ ತೆಗೆಯುವುದು ಕಾರ್ಖಾನೆಯ ಕೆಲಸ, ಅಡುಗೆಮನೆಯದಲ್ಲ.

ಗೋಡಂಬಿಗೆ ಅಂಟಿರುವ ಕೆಂಪು ಸಿಪ್ಪೆಯಲ್ಲಿ ಕ್ಯಾಟೆಚಿನ್ ಎಂಬ ಪಾಲಿಫಿನಾಲ್ ಹೇರಳವಾಗಿರುವುದು ನಿಜ. ಆದರೆ ಬೀಜ ಒಡೆಯುವಾಗ ಚಿಪ್ಪಿನ ಎಣ್ಣೆ ಅದಕ್ಕೆ ತಾಗಿರುತ್ತದೆ. ಮನೆಯಲ್ಲಿ ಅದನ್ನು ಶುದ್ಧ ಮಾಡುವ ದಾರಿಯಿಲ್ಲ.

ಮೂರನೆಯದು ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ರಸ. ಮಲೆನಾಡಿನಲ್ಲಿ ಗೇರಿನ ಮಾತೆತ್ತಿದರೆ ಚೊಗರಿನ ಪ್ರಶ್ನೆ ಬಂದೇ ಬರುತ್ತದೆ: ಅದೂ ಟ್ಯಾನಿನ್ ಅಲ್ಲವೇ, ಔಷಧಿಗೆ ಆಗದೇ? ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಬೆಳೆದು ಬದುಕುವ ನಮಗೆ ಈ ಮಾತು ಕಹಿ, ಆದರೂ ಹೇಳಲೇಬೇಕು. ಹೆಗ್ಗೋಡಿನ ಸುತ್ತಮುತ್ತ ಕೈಮಗ್ಗದ ಬಟ್ಟೆಗೆ ಹಾಕುವಂತೆ ಚೊಗರನ್ನು ಬಣ್ಣಕ್ಕೆ ಬಳಸಿ. ಹೊಟ್ಟೆಗೆ ಬೇಡ.

## ಬೇಕಾದ ಸಲಕರಣೆ

ಸ್ಟೀಲ್ ತಪ್ಪಲೆ ಎರಡು, ಸ್ಟೀಲ್ ಚಾಕು, ತೆಳು ಪಂಚೆ ಬಟ್ಟೆ, ಗ್ರಾಂ ತೋರಿಸುವ ಚಿಕ್ಕ ತಕ್ಕಡಿ, ಸಬ್ಬಕ್ಕಿ, ರಬ್ಬರ್ ಕೈಗವಸು, ಬಣ್ಣದ ಗಾಜಿನ ಬಾಟಲಿಗಳು. ತಿಳಿ ಬಸಿಯಲು ಒಂದು ಮಾರು ಸಣ್ಣ ಪ್ಲಾಸ್ಟಿಕ್ ಕೊಳವೆ ಇದ್ದರೆ ಒಳ್ಳೆಯದು. ದಿನಕ್ಕೆ 20 ಕೆಜಿಗಿಂತ ಹೆಚ್ಚು ಹಣ್ಣು ಹಿಂಡುವವರಿಗೆ ಸ್ಟೀಲಿನ ಸ್ಕ್ರೂ ಪ್ರೆಸ್ ಬೇಕಾಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಕೈಯೇ ಸಾಕು.

ಬೇಡವಾದವು ಹೆಚ್ಚು ಮುಖ್ಯ. ಮೆಟ್ಟುಗತ್ತಿ ಬೇಡ, ಕಬ್ಬಿಣದ ಬಾಣಲೆ ಬೇಡ, ಕಬ್ಬಿನ ಹಾಲಿನ ಯಂತ್ರ ಬೇಡ. ಕಬ್ಬಿಣ ತಾಗಿದ ಕೂಡಲೇ ಟ್ಯಾನಿನ್ ಶಾಯಿಯಂತೆ ಕಪ್ಪಾಗುತ್ತದೆ. ಅಡಿಕೆ ಬೇಯಿಸುವ ತಾಮ್ರದ ಹಂಡೆ ದೊಡ್ಡದಿದೆ ಎಂದು ಅದನ್ನೇ ಬಳಸುವವರಿದ್ದಾರೆ. ನಾನೂ ಮೊದಲ ವರ್ಷ ಬಳಸಿದ್ದೆ. ಬಣ್ಣವೇನೂ ಕೆಡಲಿಲ್ಲ, ಆದ್ದರಿಂದ ತಪ್ಪು ಗೊತ್ತೇ ಆಗಲಿಲ್ಲ. ತಾಮ್ರವು ವಿಟಮಿನ್ ಸಿ ಗಾಳಿಯೊಡನೆ ಸೇರಿ ಹಾಳಾಗುವುದನ್ನು ಬಹಳ ಚುರುಕುಗೊಳಿಸುತ್ತದೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸುವ ಬಗೆಯನ್ನು ಐದನೆಯ ಹಂತದಲ್ಲಿ ಬರೆದಿದ್ದೇನೆ.

## ಹಂತ 1: ಹಣ್ಣು ಕೂಡಿಸುವುದು

ಸೋಲಿನ ಅರ್ಧ ಪಾಲು ಇಲ್ಲಿಯೇ ಆಗಿಹೋಗುತ್ತದೆ. ಗೇರು ಹಣ್ಣಿನ ಸಿಪ್ಪೆ ತೀರ ತೆಳು. ಬಿದ್ದ ಪೆಟ್ಟಿಗೆ ಒಡೆದು, ಒಂದು ದಿನದೊಳಗೆ ಹುಳಿಯತೊಡಗುತ್ತದೆ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಹುದುಗು ಶುರುವಾಗಿರುತ್ತದೆ. ಅಂಥ ನಾಲ್ಕು ಹಣ್ಣು ಸೇರಿದರೆ ಇಡೀ ತಪ್ಪಲೆ ನೊರೆಯೇಳುತ್ತದೆ.

ನಾನು ಹೀಗೆ ಮಾಡುತ್ತೇನೆ. ಬೆಳಿಗ್ಗೆ ಮರದ ಬುಡವನ್ನು ಪೂರ್ತಿ ಗುಡಿಸಿ, ಬಿದ್ದ ಬೀಜಗಳನ್ನು ಎಂದಿನಂತೆ ಆರಿಸಿಕೊಂಡು, ಆ ಹಣ್ಣುಗಳನ್ನು ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಬುಡದಲ್ಲಿ ಹಳೆಯ ಸೀರೆ ಅಥವಾ ನೆರಳು ಬಲೆ ಕಟ್ಟುತ್ತೇನೆ. ನೆಲದಿಂದ ಎರಡು ಅಡಿ ಮೇಲಿದ್ದರೆ ಪೆಟ್ಟು ಬೀಳದು. ಸಂಜೆ ನಾಲ್ಕರಿಂದ ಐದರೊಳಗೆ ಬಲೆಗೆ ಬಿದ್ದದ್ದನ್ನೂ, ಮುಟ್ಟಿದರೆ ಕೈಗೆ ಬರುವಷ್ಟು ಮಾಗಿದ್ದನ್ನೂ ಮಾತ್ರ ತರುತ್ತೇನೆ. ಎಳೆದು ಕೀಳಬೇಕಾದ ಹಣ್ಣಿನಲ್ಲಿ ಒಗರು ವಿಪರೀತ. ಸಂಜೆ ತಂದರೆ ಇನ್ನೊಂದು ಅನುಕೂಲವಿದೆ: ತಿಳಿಯಾಗಲು ಬಿಡುವ ಹೊತ್ತು ರಾತ್ರಿಯ ತಂಪಿಗೆ ಸಿಗುತ್ತದೆ.

ಏಪ್ರಿಲ್ ಕೊನೆಯಲ್ಲಿ ಗುಡುಗಿನ ಮಳೆ ಬಿದ್ದ ಮರುದಿನ ಹಣ್ಣು ಕೂಡಿಸಬೇಡಿ. ನೀರು ಕುಡಿದ ಹಣ್ಣು ಸೀಳುತ್ತದೆ, ಬೂಸಲು ಬೇಗ ಹತ್ತುತ್ತದೆ. ಔಷಧಿ ಹೊಡೆದ ತೋಟವಾದರೆ ಡಬ್ಬಿಯ ಮೇಲಿರುವ ಕಾಯುವ ಅವಧಿ ಮುಗಿದಿರಲೇಬೇಕು. ಚಹಾ ಸೊಳ್ಳೆಗೆಂದು (ಗೇರಿನ ಚಿಗುರು, ಹೂವುಗಳ ರಸ ಹೀರುವ ಕೀಟ) ಹೂವು ಮತ್ತು ಎಳೆಗಾಯಿಯ ಹಂತದಲ್ಲಿ ಸಿಂಪಡಿಸುವವರು ದಿನಾಂಕವನ್ನು ಬರೆದಿಟ್ಟುಕೊಳ್ಳಿ.

## ಹಂತ 2: ಬೀಜ ಬೇರ್ಪಡಿಸಿ ತೊಳೆಯುವುದು

ಕೈಗವಸು ಹಾಕಿ ಬೀಜವನ್ನು ತಿರುಚಿ ತೆಗೆಯಿರಿ. ಬೀಜ ಅಂಟಿದ್ದ ತುದಿಯನ್ನು ಕಾಲು ಇಂಚಿನಷ್ಟು ಕತ್ತರಿಸಿ ಬಿಸಾಡಿ. ಚಿಪ್ಪಿನ ಎಣ್ಣೆ ತಾಗಿರುವ ಜಾಗ ಅದು. ಎಳೆಯ ಬೀಜ ಕಚ್ಚಿಕೊಂಡಿರುವ ಹಣ್ಣನ್ನು ಹಿಂಡಲು ಹಾಕಲೇಬೇಡಿ. ಗಂಟಲು ಹಿಡಿಯುವುದಕ್ಕೂ ತುಟಿ ಉರಿಯುವುದಕ್ಕೂ ವ್ಯತ್ಯಾಸವಿದೆ. ಹಿಡಿದರೆ ಅದು ಟ್ಯಾನಿನ್, ಉರಿದರೆ ಚಿಪ್ಪಿನ ಎಣ್ಣೆ. ಉರಿಯುವ ರಸವನ್ನು ಸರಿಪಡಿಸಲಾಗದು, ಚೆಲ್ಲಿಬಿಡಿ.

ಆಮೇಲೆ ಎರಡು ನೀರಿನಲ್ಲಿ ಬೇಗ ತೊಳೆದು ಬುಟ್ಟಿಯಲ್ಲಿ ಬಸಿಯಿರಿ. ನೆನೆಹಾಕಬೇಡಿ, ವಿಟಮಿನ್ ನೀರಿಗೆ ಇಳಿದುಹೋಗುತ್ತದೆ. ಹಳೆಯ ಬಟ್ಟೆ ತೊಟ್ಟುಕೊಂಡೇ ಈ ಕೆಲಸಕ್ಕೆ ಕೂರಿ. ಗೇರು ಹಣ್ಣಿನ ಕಲೆ ಯಾವ ಸೋಪಿಗೂ ಹೋಗುವುದಿಲ್ಲ.

## ಹಂತ 3: ಹಿಂಡುವುದು

ಹಣ್ಣನ್ನು ನಾಲ್ಕು ಹೋಳು ಮಾಡಿ ಪಂಚೆಯಲ್ಲಿ ಕಟ್ಟಿ ಹಿಂಡಿ. ಮಿಕ್ಸಿಯಲ್ಲಿ ಅರೆದರೆ ಸುಲಭ ಎನಿಸುತ್ತದೆ. ಆದರೆ ಅರೆಯುವಾಗ ಗಾಳಿ ತುಂಬಿ ವಿಟಮಿನ್ ಕಳೆಯುತ್ತದೆ, ನುಣ್ಣನೆಯ ತಿರುಳು ರಸದಲ್ಲಿ ಉಳಿದು ಮುಂದೆ ತಿಳಿಯಾಗಲು ಬಿಡುವುದಿಲ್ಲ. ಮಿಕ್ಸಿ ಅನಿವಾರ್ಯವಾದರೆ ಒಂದೊಂದೇ ಸೆಕೆಂಡು ಎರಡು ಮೂರು ಬಾರಿ ತಿರುಗಿಸಿ, ಅಷ್ಟೇ.

10 ಕೆಜಿ ಹಣ್ಣಿಗೆ ಕೈಯಲ್ಲಿ ಹಿಂಡಿದರೆ ಐದು ಲೀಟರ್, ಪ್ರೆಸ್ಸಿನಲ್ಲಿ ಆರು ಲೀಟರಿಗೂ ಮೇಲೆ ರಸ ಸಿಗುತ್ತದೆ. ಹೆಚ್ಚು ಬರಲೆಂದು ನೀರು ಸೇರಿಸಬೇಡಿ. ಮುಂದಿನ ಹಂತದ ಅಳತೆಯೆಲ್ಲ ನೀರು ಬೆರೆಸದ ರಸಕ್ಕೆ ಹೇಳಿದ್ದು. ಹಿಪ್ಪೆಯನ್ನು ಮುಚ್ಚಿಟ್ಟುಕೊಳ್ಳಿ, ಎರಡು ಗಂಟೆಯೊಳಗೆ ಅದರ ಕೆಲಸವಿದೆ.

## ಹಂತ 4: ಒಗರು ಇಳಿಸುವುದು

ಎಲ್ಲರೂ ಎಡವುವ ಜಾಗಕ್ಕೆ ಬಂದೆವು. ಮೊದಲು ಒಗರು ಹೇಗೆ ಇಳಿಯುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದಲೇ ಬಾಯಿ ಒಣಗಿದಂತಾಗುವುದು. ರಸಕ್ಕೆ ಬೆಂದ ಪಿಷ್ಟವನ್ನು ಹಾಕಿದರೆ ಟ್ಯಾನಿನ್ ಅದಕ್ಕೆ ಅಂಟಿ, ಭಾರವಾಗಿ ತಳಕ್ಕಿಳಿಯುತ್ತದೆ. ಬಾಯಿಗೆ ಬರುವ ಮೊದಲೇ ಅದಕ್ಕೆ ಅಂಟಲು ಬೇರೊಂದು ವಸ್ತು ಕೊಡುತ್ತೇವೆ, ಅಷ್ಟೇ.

ಅಳತೆ: ಒಂದು ಲೀಟರ್ ರಸಕ್ಕೆ 5 ಗ್ರಾಂ ಸಬ್ಬಕ್ಕಿ. ಸಬ್ಬಕ್ಕಿಯನ್ನು ಒಣಗಿದ ಮಿಕ್ಸಿಯಲ್ಲಿ ಪುಡಿ ಮಾಡಿ, ಸ್ವಲ್ಪವೇ ನೀರಿನಲ್ಲಿ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಬೇಯಿಸಿ. ಬಿಳಿ ಬಣ್ಣ ಪೂರ್ತಿ ಹೋಗಿ ಗಾಜಿನಂತೆ ಪಾರದರ್ಶಕವಾದ ಅಂಟು ಆಗಬೇಕು. ನಡುವೆ ಒಂದು ಬಿಳಿ ಚುಕ್ಕೆ ಉಳಿದರೂ ಬೆಂದಿಲ್ಲ ಎಂದೇ ಅರ್ಥ. ಬೇಯದ ಪಿಷ್ಟ ಟ್ಯಾನಿನ್ನನ್ನು ಹಿಡಿಯದು, ಸುಮ್ಮನೆ ರಸವನ್ನು ಮಬ್ಬು ಮಾಡುತ್ತದೆ.

ಈ ಅಂಟು ಪೂರ್ತಿ ತಣ್ಣಗಾಗಲಿ. ಹಿಂಗೈಗೆ ತಾಗಿಸಿದರೆ ಬಿಸಿ ಗೊತ್ತಾಗಬಾರದು. ಆಮೇಲೆ ಒಂದು ಸೌಟು ರಸದಲ್ಲಿ ಅದನ್ನು ಗಂಟಿಲ್ಲದಂತೆ ಕದಡಿ, ಉಳಿದ ರಸಕ್ಕೆ ಸುರಿದು, ಒಂದು ನಿಮಿಷ ನಿಧಾನವಾಗಿ ಒಂದೇ ದಿಕ್ಕಿಗೆ ತಿರುವಿ. ಕಡೆಗೋಲಿನಿಂದ ಕಡೆಯಬೇಡಿ.

ಅರ್ಧ ಗಂಟೆಯಲ್ಲಿ ಒಡೆದ ಹಾಲಿನಂತೆ ಸಣ್ಣ ಸಣ್ಣ ಮೋಡಗಳು ಕಾಣಬೇಕು. ಕಂಡರೆ ಕೆಲಸ ಸರಿಯಾಗಿ ಸಾಗಿದೆ. ಕಾಣದಿದ್ದರೆ ಅಳತೆಯ ಅರ್ಧದಷ್ಟು ಅಂಟನ್ನು ಇನ್ನೊಮ್ಮೆ ಬೇಯಿಸಿ, ಆರಿಸಿ ಹಾಕಿ. ಅದಕ್ಕಿಂತ ಹೆಚ್ಚು ಬೇಡ. ಮಿಗುವ ಪಿಷ್ಟ ತಳಕ್ಕಿಳಿಯದೆ ರಸವನ್ನು ಲೋಳೆಯಾಗಿಸುತ್ತದೆ.

ಮುಚ್ಚಿ 12 ಗಂಟೆ ಅಲುಗಿಸದೆ ಇಡಿ. ಫ್ರಿಜ್ ಇದ್ದರೆ ಅದರಲ್ಲಿ. ಇಲ್ಲವಾದರೆ ನೀರು ತುಂಬಿದ ದೊಡ್ಡ ಬೋಗುಣಿಯೊಳಗೆ ತಪ್ಪಲೆಯನ್ನಿಟ್ಟು, ಸುತ್ತ ಒದ್ದೆ ಗೋಣಿ ಸುತ್ತಿ, ಗಾಳಿಯಾಡುವ ಜಗಲಿಯ ಮೂಲೆಯಲ್ಲಿ. ಸಂಜೆ ಏಳಕ್ಕೆ ಇಟ್ಟರೆ ಬೆಳಿಗ್ಗೆ ಏಳಕ್ಕೆ ತೆಗೆಯಬಹುದು. ಹಗಲಿನ ಸೆಕೆಯಲ್ಲಿ ಫ್ರಿಜ್ ಇಲ್ಲದೆ 12 ಗಂಟೆ ಇಟ್ಟರೆ ಹುಳಿಯುವುದು ಖಂಡಿತ.

ಸಬ್ಬಕ್ಕಿಯ ಬದಲು ಅನ್ನದ ಗಂಜಿ ತಿಳಿ ಹಾಕುವ ಹಳೆಯ ಕ್ರಮವೂ ಇದೆ. ಕೆಲಸ ಮಾಡುತ್ತದೆ. ಆದರೆ ಒಬ್ಬರ ಮನೆಯ ಗಂಜಿಯಂತೆ ಇನ್ನೊಬ್ಬರದ್ದು ಇರುವುದಿಲ್ಲವಾದ್ದರಿಂದ ಅಳತೆ ಹೇಳುವುದು ಕಷ್ಟ. ಹೊಸಬರು ಸಬ್ಬಕ್ಕಿಯಿಂದಲೇ ಕಲಿಯಲಿ. ಉಪ್ಪು ಹಾಕಿದರೆ ಒಗರು ಹೋಗುತ್ತದೆ ಎನ್ನುವುದು ಹಣ್ಣಿನ ಹೋಳನ್ನು ಉಪ್ಪುನೀರಿನಲ್ಲಿ ನೆನೆಸುವ ಉಪ್ಪಿನಕಾಯಿಯ ವಿಷಯ. ರಸಕ್ಕೆ ಹಾಕಿದ ಉಪ್ಪು ನಾಲಿಗೆಯನ್ನು ಮೋಸಗೊಳಿಸುತ್ತದೆ, ಟ್ಯಾನಿನ್ ಅಲ್ಲಿಯೇ ಇರುತ್ತದೆ.

ಒಗರು ತೆಗೆಯುವ ಮೊದಲು ರಸವನ್ನು ಬಿಸಿ ಮಾಡಬೇಡಿ. ಬಿಸಿಗೆ ತಿರುಳು ಬೆಂದು ರಸವೆಲ್ಲ ಕಂದು ಮಬ್ಬಾಗುತ್ತದೆ. ಆಮೇಲೆ ಎಷ್ಟು ಸಬ್ಬಕ್ಕಿ ಹಾಕಿದರೂ ಅದು ಇಳಿಯುವುದಿಲ್ಲ.

## ಹಂತ 5: ತಿಳಿ ಬಸಿದು ಪರೀಕ್ಷಿಸುವುದು

ಬೆಳಿಗ್ಗೆ ತಳದಲ್ಲಿ ಎರಡು ಮೂರು ಬೆರಳಿನಷ್ಟು ಗಸಿ, ಮೇಲೆ ತಿಳಿ ಹಳದಿ ರಸ ಇರುತ್ತದೆ. ತಪ್ಪಲೆಯನ್ನು ಬಗ್ಗಿಸಿದರೆ ಗಸಿ ಕದಡುತ್ತದೆ. ಕೊಳವೆಯಿಂದ ಮೇಲಿನದನ್ನು ಇಳಿಸಿಕೊಳ್ಳಿ. ಗಸಿಯ ಹತ್ತಿರದ ಕೊನೆಯ ಲೋಟದ ಆಸೆ ಬಿಡಿ, ಅದು ಮೇಲಿನ ಇಡೀ ರಸವನ್ನು ಕೆಡಿಸುತ್ತದೆ. ಬಸಿದದ್ದನ್ನು ನಾಲ್ಕು ಮಡಿಕೆಯ ಪಂಚೆಯಲ್ಲಿ ಒಮ್ಮೆ ಸೋಸಿ. ಗಸಿ ಗೊಬ್ಬರಕ್ಕೆ.

ಒಗರಿನ ಪರೀಕ್ಷೆ ಹೀಗೆ. ಒಂದು ಚಮಚ ರಸ ಕುಡಿದು, ಮನಸ್ಸಿನಲ್ಲಿ ಮೂವತ್ತರವರೆಗೆ ಎಣಿಸಿ. ಒಗರು ತಡವಾಗಿ ಏರುತ್ತದೆ, ಕುಡಿದ ತಕ್ಷಣದ ರುಚಿಯನ್ನು ನಂಬಬೇಡಿ. ಕಣ್ಣಿನಿಂದ ನೋಡಬೇಕೆಂದರೆ ಎರಡು ಲೋಟಗಳಲ್ಲಿ ಹಸಿ ರಸ ಮತ್ತು ತಿಳಿ ರಸ ಹಾಕಿ, ಒಂದೊಂದು ಕಬ್ಬಿಣದ ಮೊಳೆ ಬಿಡಿ. ಗಂಟೆಯೊಳಗೆ ಹಸಿಯದು ಕಪ್ಪಾಗುತ್ತದೆ. ತಿಳಿಯದು ಎಷ್ಟು ಕಡಿಮೆ ಕಪ್ಪಾಯಿತೋ ಅಷ್ಟು ಟ್ಯಾನಿನ್ ಹೋಗಿದೆ.

ವಿಟಮಿನ್ ಸಿ ಉಳಿದಿದೆಯೇ ಎಂದು ತಿಳಿಯಲು ಔಷಧಿ ಅಂಗಡಿಯ ಅಯೋಡಿನ್ ದ್ರಾವಣ ಸಾಕು. ಒಂದು ಲೋಟದಲ್ಲಿ ಕಾಲು ಭಾಗ ನೀರು, ಒಂದು ಚಮಚ ಗಂಜಿ ತಿಳಿ, ಒಂದು ಚಮಚ ರಸ ಹಾಕಿ. ಅಯೋಡಿನ್ ಹನಿ ಹನಿಯಾಗಿ ಬಿಡುತ್ತಾ ಕಲಕಿ, ಎಣಿಸುತ್ತಾ ಹೋಗಿ. ವಿಟಮಿನ್ ಇರುವವರೆಗೆ ನೀಲಿ ಬಣ್ಣ ಬಂದು ಮಾಯವಾಗುತ್ತದೆ. ಅದು ಮುಗಿದ ಮೇಲೆ ನೀಲಿ ನಿಲ್ಲುತ್ತದೆ. ಹನಿಗಳ ಸಂಖ್ಯೆಗಿಂತ ಹೋಲಿಕೆ ಮುಖ್ಯ. ಒಂದೇ ದಿನ ತೆಗೆದ ರಸವನ್ನು ಸ್ಟೀಲಿನಲ್ಲಿ ಮತ್ತು ತಾಮ್ರದಲ್ಲಿ ರಾತ್ರಿ ಇಟ್ಟು ಪರೀಕ್ಷಿಸಿದಾಗ, ನನ್ನಲ್ಲಿ ತಾಮ್ರದ್ದು ಸ್ಟೀಲಿನ ಅರ್ಧದಷ್ಟು ಹನಿಗೂ ಮೊದಲೇ ನೀಲಿಗಟ್ಟಿತು. ಹಂಡೆಯನ್ನು ಅಂದೇ ಅಡಿಕೆಗೆ ಹಿಂದಿರುಗಿಸಿದೆ. ಟ್ಯಾನಿನ್ ಕೂಡ ಸ್ವಲ್ಪ ಅಯೋಡಿನ್ ನುಂಗುವುದರಿಂದ ತಿಳಿ ರಸವನ್ನು ತಿಳಿ ರಸದೊಡನೆಯೇ ಹೋಲಿಸಿ. ಪರೀಕ್ಷೆಯ ಲೋಟವನ್ನು ಚೆಲ್ಲಿ, ಯಾರೂ ಕುಡಿಯಬಾರದು.

## ಹಂತ 6: ಉಳಿಸುವುದು

ಏನೂ ಬೆರೆಸದ ತಿಳಿ ರಸ ಫ್ರಿಜ್ಜಿನಲ್ಲಿ ಎರಡು ದಿನ, ಫ್ರೀಜರಿನಲ್ಲಿ ಕೆಲವು ತಿಂಗಳು ಇರುತ್ತದೆ. ಆರೋಗ್ಯದ ಲೆಕ್ಕದಲ್ಲಿ ಇದೇ ಉತ್ತಮ, ನಾನು ಮೊದಲು ಹೇಳುವುದೂ ಇದನ್ನೇ. ಬಾಟಲಿ ಕತ್ತಿನವರೆಗೆ ತುಂಬಿದಷ್ಟೂ ಒಳಗೆ ಗಾಳಿ ಕಡಿಮೆ. ಫ್ರೀಜರಿಗಾದರೆ ಗಾಜು ಬೇಡ, ಹಿಗ್ಗಲು ಜಾಗ ಬಿಟ್ಟು ಡಬ್ಬಿಯಲ್ಲಿಡಿ.

ಮಳೆಗಾಲಕ್ಕೂ ಬೇಕೆಂದರೆ ಸಿರಪ್. ಒಂದು ಲೀಟರ್ ತಿಳಿ ರಸಕ್ಕೆ ಒಂದೂವರೆ ಕೆಜಿ ಸಕ್ಕರೆ, 15 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ, ಒಲೆಯ ಮೇಲಿಡದೆ ತಿರುವಿ ಕರಗಿಸಿ. ಅರ್ಧ ಗಂಟೆ ಹಿಡಿಯುತ್ತದೆ, ತಾಳ್ಮೆ ಇರಲಿ. ಸುಮಾರು 1.9 ಲೀಟರ್ ಆಗುತ್ತದೆ. ಕೆಡದಂತೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕುವವರು ಸಿದ್ಧ ಸಿರಪ್ಪಿನ ಲೀಟರಿಗೆ 0.6 ಗ್ರಾಂ ಮೀರಬಾರದು. ಚಿಟಿಕೆ ಲೆಕ್ಕ ಇಲ್ಲಿ ಬೇಡವೇ ಬೇಡ, ತೂಗಿ ಹಾಕಿ. ಅಸ್ತಮಾ ಇರುವವರಿಗೆ ಅದು ಉಸಿರು ಕಟ್ಟಿಸಬಹುದು, ಅವರಿಗೆ ಹಾಕದ ಬಾಟಲಿ ಪ್ರತ್ಯೇಕವಿರಲಿ. ಸಕ್ಕರೆ ಕಾಯಿಲೆಯವರಿಗೆ ಸಿರಪ್ ಕೊಡಬೇಡಿ. ಗೋಡಂಬಿ ಒಗ್ಗದವರು, ಮೂತ್ರಪಿಂಡದಲ್ಲಿ ಕಲ್ಲು ಇರುವವರು ವೈದ್ಯರನ್ನು ಕೇಳಿಯೇ ರಸ ಕುಡಿಯಲಿ.

ಮುಚ್ಚಳ ಉಬ್ಬಿದರೆ, ಗುಳ್ಳೆ ಏಳುತ್ತಿದ್ದರೆ, ಹೆಂಡದ ವಾಸನೆ ಬಂದರೆ ಅದು ಹುದುಗಿದೆ. ಕುದಿಸಿ ಸರಿಪಡಿಸಲು ಹೋಗಬೇಡಿ. ಮುಚ್ಚಳವನ್ನು ಮುಖದಿಂದ ದೂರ ಹಿಡಿದು ನಿಧಾನ ತೆಗೆದು ಚೆಲ್ಲಿ.

## ಹಂತ 7: ಹಿಪ್ಪೆಯ ಪುಡಿ

ಹಿಂಡಿದ ಎರಡು ಗಂಟೆಯೊಳಗೆ ಹಿಪ್ಪೆಯನ್ನು ಇಡ್ಲಿ ಪಾತ್ರೆಯಲ್ಲಿ 10 ನಿಮಿಷ ಹಬೆಯಲ್ಲಿ ಬೇಯಿಸಿ. ಸಿಪ್ಪೆಯಲ್ಲಿರುವ ಗಂಟಲು ಕೆರೆಯುವ ಗುಣ ಇದರಿಂದ ತಗ್ಗುತ್ತದೆ, ಹುದುಗು ನಿಲ್ಲುತ್ತದೆ. ಕೆಳಗೆ ಇಳಿದ ನೀರನ್ನು ಚೆಲ್ಲಿ. ಇಲ್ಲಿ ಬಿಸಿ ಬಳಸಬಹುದು, ಏಕೆಂದರೆ ವಿಟಮಿನ್ ಸಿಯ ದೊಡ್ಡ ಪಾಲು ಆಗಲೇ ರಸದೊಡನೆ ಹೋಗಿದೆ.

ಅರ್ಧ ಇಂಚಿಗಿಂತ ತೆಳ್ಳಗೆ ಹರಡಿ 55ರಿಂದ 60 ಡಿಗ್ರಿಯಲ್ಲಿ ಡ್ರೈಯರಿನಲ್ಲಿ ಒಣಗಿಸಿ. ಬಿಸಿಗಾಳಿಯ ಅಡಿಕೆ ಡ್ರೈಯರ್ ಆಗಬಹುದು, ಆದರೆ ತಟ್ಟೆಗಳು ಸ್ವಚ್ಛವಾಗಿರಬೇಕು. ಹೊಗೆ ತಾಗುವ ಅಟ್ಟ ಮಾತ್ರ ಬೇಡ. ಬಿಸಿಲಿಗೆ ಹಾಕುವವರು ಮೇಲೆ ತೆಳು ಬಟ್ಟೆ ಮುಚ್ಚಿ, ಎರಡು ಗಂಟೆಗೊಮ್ಮೆ ತಿರುವಿ, ಸಂಜೆ ಒಳಗೆ ತನ್ನಿ. ಎರಡನೆಯ ದಿನದ ಸಂಜೆಗೂ ಮೆತ್ತಗಿದ್ದರೆ ಬೂಸಲಿನ ಅಪಾಯ ಶುರುವಾಗಿದೆ. ಹಿಡಿದು ಬಗ್ಗಿಸಿದರೆ ಬಾಗದೆ ಪಟಕ್ಕನೆ ಮುರಿಯುವುದೇ ಹದ. ಚರ್ಮದಂತೆ ಬಾಗಿದರೆ ಇನ್ನೂ ಒಣಗಿಲ್ಲ.

ಪುಡಿ ಮಾಡಿ ಜರಡಿ ಹಿಡಿಯಿರಿ. ಅಕ್ಕಿ ರೊಟ್ಟಿ ಅಥವಾ ಚಪಾತಿ ಹಿಟ್ಟಿನ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೆರೆಸಬೇಡಿ, ಮೀರಿದರೆ ಒಗರು ತಲೆಯೆತ್ತುತ್ತದೆ. ರೊಟ್ಟಿಗೆ ತುಪ್ಪ ಸವರಿ, ಕೆರೋಟಿನಾಯ್ಡ್ ಮೈಗೆ ಹಿಡಿಯಲು ಜಿಡ್ಡು ಬೇಕು.

ಮಾರಾಟದ ಯೋಚನೆ ಇರುವವರು ಮೊದಲು ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಳ್ಳಿ. ತಾಂತ್ರಿಕ ಸಲಹೆಗೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯವಿದೆ, ಹತ್ತಿರದಲ್ಲಿ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ.

ಪುಡಿಯ ಡಬ್ಬಿಯ ಮೇಲೆ ಒಣಗಿಸಿದ ದಿನಾಂಕ ಬರೆದು, ಜೂನ್ ಮಳೆ ಹಿಡಿಯುವ ಮೊದಲು ಗಾಳಿಯಾಡದಂತೆ ಮುಚ್ಚಿ. ದೊಡ್ಡ ಡಬ್ಬಿ ಒಂದಕ್ಕಿಂತ ಸಣ್ಣವು ನಾಲ್ಕು ಒಳ್ಳೆಯವು. ಆಷಾಢದಲ್ಲಿ ಒಂದು ಬಾರಿ ಮುಚ್ಚಳ ತೆಗೆದರೂ ಪುಡಿ ತೇವ ಎಳೆದುಕೊಳ್ಳುತ್ತದೆ. ಗಂಟು ಕಟ್ಟಿದ್ದರೆ ವಾಸನೆ ನೋಡಿ: ಒಣ ಹಣ್ಣಿನ ವಾಸನೆಯಿದ್ದರೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಅಂದೇ ಬಳಸಿ, ಮುಗ್ಗಲು ವಾಸನೆಯಿದ್ದರೆ ಆ ಡಬ್ಬಿ ಪೂರ್ತಿ ಗೊಬ್ಬರದ ಗುಂಡಿಗೆ.